ಸರ್ವರ್ ಇಲ್ಲ

ಸೆಪ್ಟೆಂಬರ್ 9, ಸೋಮವಾರ

ಗಣೇಶನ ಹಬ್ಬ ಮುಗಿಸಿಕೊಂಡು ಬಂದು ಪಂಚಾಯ್ತಿ ಆಫೀಸಿನ ಬೀಗ ತೆಗೆದೆ. ಕಂಪ್ಯೂಟರ್ ಆನ್ ಆಯಿತು, ಇಂಟರ್ನೆಟ್ ಬರಲಿಲ್ಲ. ಪಕ್ಕದ ಕೋಣೆಯಲ್ಲಿ ನಮ್ಮ ಕಾರ್ಯದರ್ಶಿ ನರಸಿಂಹರಾಜು ಸಾಹೇಬರ ಮೇಜಿನ ಮೇಲೆ ವೈಫೈ ಡಬ್ಬಿ ಚೆನ್ನಾಗಿಯೇ ಇದೆ, ನನ್ನ ಫೋನಿಗೂ ಸಿಗುತ್ತದೆ. ಕಂಪ್ಯೂಟರಿಗೆ ಮಾತ್ರ ಅಂಥದ್ದೊಂದು ಇದೆ ಅಂತಲೇ ಗೊತ್ತಾಗುತ್ತಿಲ್ಲ. ಒಳಗೆ ವೈಫೈ ಹಿಡಿಯುವ ಕಾರ್ಡು ಸತ್ತಿರಬೇಕು.

ಬೇರೆ ದಾರಿ ಹುಡುಕಿದೆ, ಇಲ್ಲ. ತಂತಿ ಸಿಕ್ಕಿಸುವ ಕಿಂಡಿ ಹೋದ ವರ್ಷದ ಸಿಡಿಲಿಗೆ ಸುಟ್ಟುಹೋಗಿದೆ. ಯುಎಸ್‌ಬಿ ಕಿಂಡಿಗಳನ್ನು ಬೆರಳಚ್ಚಿನ ಮಿಷಿನ್ನಿಗೆ ಬಿಟ್ಟು ಬೇರೆ ಯಾವುದಕ್ಕೂ ಆಗದ ಹಾಗೆ ಮೇಲಿನಿಂದಲೇ ಬಂದ್ ಮಾಡಿದ್ದಾರೆ. ಕಂಪ್ಯೂಟರ್ ಕೊಟ್ಟ ಕಂಪನಿಗೆ ಫೋನ್ ಮಾಡಿದೆ. "ಹೊಸ ಕಾರ್ಡ್ ಕಳಿಸ್ತೀವಿ, ನಮ್ಮ ಎಂಜಿನಿಯರ್ ಬಂದು ಹಾಕ್ತಾರೆ. ನೀವು ಬಿಚ್ಚೋಕೆ ಹೋಗ್ಬೇಡಿ, ಸೀಲ್ ಹರಿದ್ರೆ ನಮ್ಮ ಜವಾಬ್ದಾರಿ ಅಲ್ಲ" ಅಂದರು. ಯಾವಾಗ ಅಂತ ಕೇಳುವಷ್ಟರಲ್ಲಿ ಫೋನ್ ಇಟ್ಟಿದ್ದರು.

ಸಾಹೇಬರಿಗೆ ಹೇಳಿದೆ. "ಕಂಪ್ಯೂಟರ್ ಕೆಟ್ಟಿದೆ ಅಂತ ಜನದ ಹತ್ರ ಹೇಳ್ಬೇಡ ಕಣಯ್ಯ. ಅದು ತಾಲ್ಲೂಕಿಗೆ ಮುಟ್ತದೆ, ಅವರು ನನ್ನ ಕೇಳ್ತಾರೆ. ಸರ್ವರ್ ಇಲ್ಲ ಅನ್ನು. ಯಾರೂ ಏನೂ ಕೇಳಲ್ಲ" ಅಂದರು.

ಹಾಗೇ ಅಂದೆ. ಯಾರೂ ಏನೂ ಕೇಳಲಿಲ್ಲ. ಬಂದವರು ಮೂವತ್ತೊಂದು.

ಸೆಪ್ಟೆಂಬರ್ 12, ಗುರುವಾರ

ಬಂದವರು ನಲವತ್ತು. ಕಾರ್ಡು ಬಂದಿಲ್ಲ.

ಕೆರೆ ಆಚೆಯ ಕೇರಿಯಿಂದ ಓಬಳಮ್ಮ ಅನ್ನೋ ಮುದುಕಿ ಬಂದಿತ್ತು. ಮೊಮ್ಮಗಳು ಸಂಘಮಿತ್ರಾಗೆ ಜಾತಿ ಮತ್ತು ಆದಾಯದ ಪತ್ರ ಬೇಕಂತೆ. ತುಮಕೂರಲ್ಲಿ ನರ್ಸಿಂಗಿಗೆ ಸರ್ಕಾರಿ ಸೀಟು ಬಂದಿದೆ, ಮೂವತ್ತನೇ ತಾರೀಕಿನೊಳಗೆ ಪತ್ರ ಕೊಡದಿದ್ದರೆ ಸೀಟು ಬೇರೆಯವರಿಗೆ. ಹುಡುಗಿ ಹಿಂದೂಪುರದ ಗಾರ್ಮೆಂಟ್ಸಿಗೆ ಹೋಗುತ್ತದೆ, ರಜ ಸಿಗಲ್ಲ. ಮನೆ ಯಜಮಾನಿ ಅಜ್ಜಿಯೇ ಆದ್ದರಿಂದ ಹೆಬ್ಬೆಟ್ಟೂ ಅಜ್ಜಿಯದೇ ಬೇಕು.

"ಸರ್ವರ್ ಇಲ್ಲ ಅಜ್ಜಿ, ನಾಳೆ ಬಾ" ಅಂದೆ.

ಹೋಗಲಿಲ್ಲ. ಕಿಟಕಿಯ ಜಾಲರಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿತು. "ಮಧುಗಿರೀಲೂ ಇಲ್ವೇನಪ್ಪಾ ಅದು?"

"ಎಲ್ಲಾ ಕಡೇನೂ ಇಲ್ಲ. ಬೆಂಗಳೂರಿಂದ್ಲೇ ಹೋಗಿರೋದು."

"ಅಂಗಾರೆ ಅಲ್ಲಿಗೋಗೂ ಸುಖ ಇಲ್ಲ" ಅಂತ ಸೆರಗು ಸರಿಮಾಡಿಕೊಂಡು ಹೊರಟಿತು.

ಮಧುಗಿರಿಯಲ್ಲಿ ಇದೆ. ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಇವತ್ತು ಅಲ್ಲಿ ಅರ್ಜಿ ಹಾಕಿದರೆ ಹನ್ನೆರಡು ದಿನಕ್ಕೆ ಪತ್ರ ಕೈಗೆ ಸಿಗುತ್ತದೆ. ಆದರೆ ಒಬ್ಬರಿಗೆ ಹೇಳಿದರೆ ನಲವತ್ತು ಜನವೂ ಅಲ್ಲಿಗೇ ಹೋಗುತ್ತಾರೆ. ನಿಮ್ಮೂರಲ್ಲಿ ಆಫೀಸು ಇಲ್ವಾ ಅಂತ ಅಲ್ಲಿಯವರು ಕೇಳುತ್ತಾರೆ. ಸಾಹೇಬರಿಗೆ ಫೋನ್ ಬರುತ್ತದೆ. ನಾನು ಏಳು ವರ್ಷದಿಂದ ಕಾಂಟ್ರಾಕ್ಟಿನವನು, ಪ್ರತಿ ಡಿಸೆಂಬರಿನಲ್ಲೂ ಸಾಹೇಬರು ಬರೆದು ಕಳಿಸಿದರೇ ಇನ್ನೊಂದು ವರ್ಷ. ಸಾಹೇಬರು ಹೇಳೋದರಲ್ಲೂ ತಪ್ಪಿಲ್ಲ. ಅವರ ಕಷ್ಟ ಅವರಿಗೆ.

ಸೆಪ್ಟೆಂಬರ್ 17, ಮಂಗಳವಾರ

ಹಿಂದಿನ ಬಾಗಿಲಿಂದ ಹೋಗಿ ಹಿಂದಿನ ಬಾಗಿಲಿಂದ ಬಂದೆ. ಮುಂದೆ ಜಗಲಿ ಮೇಲೆ ಜನ ಕೂತಿರುತ್ತಾರೆ. ಕಿಟಕಿಯ ಒಂದು ಬಾಗಿಲು ಹಾಕಿಕೊಂಡಿದ್ದೇನೆ, ಧೂಳು ಅಂತ.

ಸಂಜೆ ಮನೆಯಲ್ಲಿ ಹೆಂಡತಿ ಮಂಗಳಾ ಹೊಲಿಗೆ ಮಿಷಿನ್ ಹತ್ತಿರದ ಸ್ವಿಚ್ಚು ಸರಿಮಾಡಿಕೊಡಿ ಅಂದಳು. ಪೇಪರಿನಿಂದ ಕಣ್ಣು ಎತ್ತದೆ "ನಾಳೆ ಬನ್ನಿ" ಅಂದುಬಿಟ್ಟೆ. ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ನನ್ನನ್ನೇ ನೋಡಿದಳು. ನನಗೆ ನಗು ಬರಲಿಲ್ಲ.

ಸೆಪ್ಟೆಂಬರ್ 19, ಗುರುವಾರ

ಕಂಪನಿಯವರಿಗೆ ಹನ್ನೊಂದನೇ ಸಲ ಫೋನು. "ದಾರೀಲಿದೆ ಸಾರ್." ಯಾವ ದಾರಿಯಲ್ಲಿ ಅಂತ ಅವರಿಗೂ ಗೊತ್ತಿಲ್ಲ.

ಓಬಳಮ್ಮ ಇವತ್ತೂ ಬಂದಿತ್ತು. ಬೆಳಗ್ಗೆ ಬಂದರೆ ಮಧ್ಯಾಹ್ನ ಎರಡರ ತನಕ ಕೂತಿರುತ್ತದೆ, ಅಷ್ಟರಲ್ಲಿ ಸರ್ವರ್ ಬಂದರೂ ಬರಬಹುದು ಅಂತ. ಬೆಂಚು ಖಾಲಿ ಇದ್ದರೂ ನೆಲದ ಮೇಲೆಯೇ ಕೂರುತ್ತದೆ. ಎರಡು ಗಂಟೆಗೆ ಎದ್ದು ಕಿಟಕಿ ಹತ್ತಿರ ಬಂದು "ಇಲ್ವೇನಪ್ಪಾ?" ಅನ್ನುತ್ತದೆ. ನಾನು ತಲೆ ಆಡಿಸುತ್ತೇನೆ. ಬಾಯಿ ಬಿಟ್ಟು ಹೇಳುವುದಕ್ಕಿಂತ ಅದು ಸುಲಭ.

ಊಟದ ಡಬ್ಬಿ ಒಳಗೇ ಬಿಚ್ಚಿ ಬಾಗಿಲು ಹಾಕಿಕೊಂಡು ತಿಂದೆ.

ಸೆಪ್ಟೆಂಬರ್ 23, ಸೋಮವಾರ

ಹುಡುಗಿಯೇ ಬಂದಿತ್ತು, ಅಜ್ಜಿಯ ಜೊತೆ. ಹತ್ತೊಂಬತ್ತು ಇರಬಹುದು. ಗಾರ್ಮೆಂಟ್ಸಿನ ಐಡಿ ಕಾರ್ಡು ಕೊರಳಲ್ಲೇ ಇತ್ತು.

"ಅಣ್ಣಾ, ಸರ್ವರ್ ಇಲ್ಲ ಅಂತ ಅಜ್ಜಿ ಹೇಳ್ತೈತೆ. ನನ್ನ ಫೋನಲ್ಲಿ ವೆಬ್‌ಸೈಟು ಓಪನ್ ಆಗ್ತೈತಲ್ಲ" ಅಂತ ಫೋನನ್ನು ಜಾಲರಿಗೆ ಒತ್ತಿ ಹಿಡಿಯಿತು. ನಿಜ. ಎಲ್ಲಾ ಪುಟಗಳೂ ತೆರೆಯುತ್ತಿದ್ದವು.

"ಅದು ಜನ ನೋಡೋ ಸರ್ವರ್ ಕಣಮ್ಮ. ನಮ್ಮದು ಬೇರೆ."

"ಬೇರೆ ಅಂದ್ರೆ?"

ನಾನು ಏನೋ ಹೇಳಿದೆ. ಏನು ಹೇಳಿದೆ ಅಂತ ಈಗ ನೆನಪಾಗುತ್ತಿಲ್ಲ, ಎರಡು ಮೂರು ಇಂಗ್ಲಿಷ್ ಪದ ಸೇರಿಸಿದ್ದೆ. ಹುಡುಗಿ ನಂಬಲಿಲ್ಲ, ಕಣ್ಣಲ್ಲೇ ಗೊತ್ತಾಯಿತು. ಇನ್ನೂ ಕೇಳುತ್ತಿತ್ತು, ಅಷ್ಟರಲ್ಲಿ ಅಜ್ಜಿ ಅದರ ರಟ್ಟೆ ಹಿಡಿದು ಎಳೆಯಿತು.

"ಸುಮ್ಕಿರು ಮಿತ್ರಾ. ಅವ್ರು ಓದಿರೋರು. ಸುಳ್ಳು ಹೇಳಿ ಅವ್ರಿಗೇನಾಗ್ಬೇಕೈತೆ? ನಡಿ."

ಅವರು ಹೋದ ಮೇಲೆ ಕಿಟಕಿಯ ಇನ್ನೊಂದು ಬಾಗಿಲನ್ನೂ ಹಾಕಿದೆ. ಕೋಣೆ ಕತ್ತಲಾಯಿತು. ಕಂಪ್ಯೂಟರಿನ ಬೆಳಕಲ್ಲಿ ಒಂದು ಗಂಟೆ ಸುಮ್ಮನೆ ಕೂತಿದ್ದೆ. ಹೊರಗಿನಿಂದ ಯಾರೋ ತಟ್ಟಿದರು. ಉಸಿರು ಬಿಗಿಹಿಡಿದುಕೊಂಡೆ, ಒಳಗೆ ಯಾರೂ ಇಲ್ಲ ಅಂದುಕೊಳ್ಳಲಿ ಅಂತ. ಮೂವತ್ತೆಂಟು ವಯಸ್ಸು ನನಗೆ.

ಸೆಪ್ಟೆಂಬರ್ 25, ಬುಧವಾರ

ಹೇಳಿಬಿಟ್ಟೆ.

ಹೇಳಬೇಕು ಅಂತ ಮನೆಯಿಂದ ನಿಶ್ಚಯ ಮಾಡಿಕೊಂಡೇನೂ ಹೋಗಿರಲಿಲ್ಲ. ಓಬಳಮ್ಮ ಎಂದಿನ ಹಾಗೆ ಎರಡು ಗಂಟೆಗೆ ಕಿಟಕಿ ಹತ್ತಿರ ಬಂತು. ಇವತ್ತು "ಇಲ್ವೇನಪ್ಪಾ" ಅನ್ನಲಿಲ್ಲ. ಎರಡೂ ಕೈ ಎತ್ತಿ ನನಗೆ ಮುಗಿಯಿತು. ದೇವರಿಗೆ ಮುಗಿಯುವ ಹಾಗೆ, ಕಣ್ಣು ಮುಚ್ಚಿಕೊಂಡು.

"ಅಜ್ಜಿ, ಕೈ ಇಳಿಸು" ಅಂದೆ. "ಸರ್ವರ್ ಇದೆ. ಎಲ್ಲಾ ಕಡೆ ಇದೆ. ಈ ಕಂಪ್ಯೂಟರ್ ಕೆಟ್ಟಿರೋದು. ಮಧುಗಿರಿಗೆ ಹೋಗಿದ್ರೆ ಆಗ್ತಿತ್ತು."

ಜಗಲಿಯಲ್ಲಿ ಇದ್ದವರೆಲ್ಲ ಎದ್ದು ಕಿಟಕಿ ಹತ್ತಿರ ಬಂದರು.

"ಯಾವತ್ತಿಂದ?" ಅಂತ ಕೇಳಿತು.

"ಒಂಬತ್ತನೇ ತಾರೀಕಿಂದ."

"ನಾನು ಮೊದ್ಲು ಬಂದಿದ್ದು ಯಾವತ್ತು?"

"ಹನ್ನೆರಡು."

ಬೆರಳು ಮಡಿಸುತ್ತಾ ಎಣಿಸಿತು. ಬೈಯುತ್ತದೆ ಅಂತ ಕಾದೆ. "ಅವತ್ತೇ ಹೇಳಿದ್ರೆ ಹೋಗ್ಬಂದ್ಬುಡ್ತಿದ್ದೆ ಕಣಪ್ಪಾ. ನಮ್ಗೆ ಬಸ್ಸು ಫ್ರೀ ಐತಲ್ಲ" ಅಂದಿತು. ಅಷ್ಟೇ. ಚೀಲ ಎತ್ತಿಕೊಂಡು ಬಸ್ ಸ್ಟಾಪಿನ ಕಡೆ ಓಡುವ ಹಾಗೆ ನಡೆಯಿತು.

ಬೈದವರು ಬೇರೆಯವರು. ಕುರಿ ಸಾಕುವ ಅಡವಯ್ಯ ಬೆಂಚಿಗೆ ಒದ್ದ. ಅಂಗನವಾಡಿಯ ದಾಸಮ್ಮ "ನಿನ್ ಮುಖ ನೋಡಿ ನಂಬಿದ್ವಲ್ಲಾ ಮುತ್ತುರಾಜಣ್ಣ" ಅಂದರು. ಒದ್ದದ್ದಕ್ಕಿಂತ ಅದೇ ನಾಟಿತು.

ಸೆಪ್ಟೆಂಬರ್ 26, ಗುರುವಾರ

ಅಡವಯ್ಯ ಸಾಹೇಬರ ಕೋಣೆಗೇ ನುಗ್ಗಿದ್ದ. ಅವನು ಹೋದ ಮೇಲೆ ಸಾಹೇಬರು ನನ್ನನ್ನು ಕರೆದರು. ಕೂಗಾಡಲಿಲ್ಲ. "ಯಾಕೆ ಮುತ್ತುರಾಜು? ಇನ್ನಾಲ್ಕು ದಿನ ಸುಮ್ನಿದ್ದಿದ್ರೆ ಕಾರ್ಡ್ ಬರ್ತಿತ್ತು" ಅಂದರು. ಹದಿನೇಳು ದಿನದಿಂದ ಇನ್ನಾಲ್ಕು ದಿನವೇ.

ಸಂಘಮಿತ್ರಾ ಮಧುಗಿರಿಯಿಂದ ನನ್ನ ನಂಬರಿಗೆ ಫೋನ್ ಮಾಡಿತ್ತು. ದಾಸಮ್ಮ ನಂಬರ್ ಕೊಟ್ಟರಂತೆ. ನಿನ್ನೆ ಅಜ್ಜಿ ಮುಟ್ಟುವಷ್ಟರಲ್ಲಿ ಹೊತ್ತಾಗಿತ್ತಂತೆ, ಇವತ್ತು ಇಬ್ಬರೂ ಹೋಗಿದ್ದಕ್ಕೆ ಅರ್ಜಿ ತಗೊಂಡಿದ್ದಾರೆ, ಪತ್ರ ಮುಂದಿನ ತಿಂಗಳ ಎಂಟಕ್ಕೆ ಅಂದಿದ್ದಾರೆ. "ಬೇಗ ಮಾಡ್ಸೋಕಾಗುತ್ತಾ ಅಣ್ಣಾ?" ಅಂತ ಕೇಳಿತು. ಗೊತ್ತಿದ್ದ ಇಬ್ಬರಿಗೆ ಫೋನ್ ಮಾಡಿದೆ. ಆಗಲ್ಲ ಅಂದರು. ಅದನ್ನೇ ಹುಡುಗಿಗೆ ಹೇಳಿದೆ. ಸರಿ ಅಂತ ಇಟ್ಟಿತು.

ಐದೂವರೆಗೆ ಎಲ್ಲರೂ ಹೋದ ಮೇಲೆ ಕಂಪ್ಯೂಟರನ್ನು ಮೇಜಿನ ಮೇಲೆ ಮಲಗಿಸಿದೆ. ಪಕ್ಕದಲ್ಲಿ ಬೆಳ್ಳಿ ಬಣ್ಣದ ಸೀಲು, ಉಗುರಿನಲ್ಲಿ ಎತ್ತಿದರೆ ಕೆಳಗೆ ಅಕ್ಷರ ಮೂಡುವಂಥದ್ದು. ಎತ್ತಿದೆ. ಅಕ್ಷರ ಮೂಡಿದವು. ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರೆ ಒಂದು ಮೂಲೆಯಲ್ಲಿ ಕಾರ್ಡು ಇತ್ತು. ನನ್ನ ಹೆಬ್ಬೆರಳಿನ ಮೊದಲ ಗೆಣ್ಣಿಗಿಂತ ದೊಡ್ಡದಲ್ಲ. ಎರಡು ತಂತಿ ಅಂಟಿಕೊಂಡಿದ್ದವು, ಒಂದು ಕಪ್ಪು, ಒಂದು ಬಿಳಿ. ಒಂದು ಕಡೆ ಸುಟ್ಟ ಕಲೆ. ಇಷ್ಟೇ.

ಮಂಗಳಾಳ ಗುಂಡಿ ಡಬ್ಬಿಯಲ್ಲಿ ಹತ್ತಿ ಹಾಕಿ ಅದನ್ನು ಇಟ್ಟುಕೊಂಡಿದ್ದೇನೆ.

ಸೆಪ್ಟೆಂಬರ್ 27, ಶುಕ್ರವಾರ

ರಜೆ ಹಾಕಿ ಸಿರಾಕ್ಕೆ ಹೋದೆ. ಕಂಪ್ಯೂಟರ್ ರಿಪೇರಿಯ ಷಫಿವುಲ್ಲಾ ಅವರ ಅಂಗಡಿ ಹುಡುಕುವ ಹೊತ್ತಿಗೆ ಅವರು ಶಟರ್ ಎಳೆಯುತ್ತಿದ್ದರು. "ನಮಾಜ್‌ಗೆ ಹೋಗ್ಬರ್ತೀನಿ ಸಾಬ್, ಒಂದು ಗಂಟೆ" ಅಂದರು. ಎದುರಿಗಿನ ಹೋಟೆಲಿನ ಮೆಟ್ಟಿಲ ಮೇಲೆ ಕೂತೆ. ಎಷ್ಟು ದಿನದ ಮೇಲೆ ನಾನು ಯಾರಿಗೋ ಕಾದು ಕೂತದ್ದು. ಒಂದು ಗಂಟೆಯೊಳಗೇ ಎರಡು ಸಲ ಎದ್ದು ಹೋಗಿ ಬೀಗ ನೋಡಿ ಬಂದೆ.

ಬಂದವರು ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಪೂರಾ ಖತಂ. ಇದೇ ಥರದ್ದು ಈಗ ಬರಲ್ಲ. ಹೊಸ ಮಾಡಲ್ ಐತೆ, ಅದೇ ಜಾಗಕ್ಕೆ ಕೂರ್ತದೆ, ಇದಕ್ಕಿಂತ ಜೋರಾಗಿ ಹಿಡೀತದೆ."

ಯುಎಸ್‌ಬಿ ಬಂದ್ ಇರುವುದನ್ನು ಹೇಳಿದೆ. ಬೇರೆ ಏನೂ ತುಂಬಿಸದೆ ಕಂಪ್ಯೂಟರ್ ತಾನೇ ಗುರುತು ಹಿಡಿಯುವಂಥದ್ದೇ ಬೇಕು. ಮೂರು ಕಾರ್ಡು ತೆಗೆದು ಒಂದನ್ನು ಆರಿಸಿದರು. ಹಾಗೇ ಒಂದು ಹಾಳಾದ ಲ್ಯಾಪ್‌ಟಾಪ್ ಬಿಚ್ಚಿ ತೋರಿಸಿದರು. ಓರೆಯಾಗಿ ಒಳಗೆ ತಳ್ಳಬೇಕು, ಆಮೇಲೆ ಮಲಗಿಸಿ ಸ್ಕ್ರೂ ಬಿಗಿಯಬೇಕು, ಕೊನೆಗೆ ತಂತಿ. "ತಂತಿ ಮೂತಿ ಬಹಳ ನಾಜೂಕು. ಜಬರ್ದಸ್ತಿ ಮಾಡಿದ್ರಿ, ಮುರೀತು. ಆರಾಮಾಗಿ ಮಾಡಿ."

"ಸರ್ಕಾರಿ ಆಫೀಸಿಂದಾ?" ಅಂತ ಕೇಳಿದರು. ಹೌದು ಅಂದೆ. "ನೀವ್ಯಾಕೆ ಬಂದ್ರಿ ಹಂಗಾದ್ರೆ?" ಅಂದರು. ಕಾರ್ಡಿನ ದುಡ್ಡು ಎಣಿಸಿ ಕೊಟ್ಟೆ.

ಸೆಪ್ಟೆಂಬರ್ 28, ಶನಿವಾರ

ನಾಲ್ಕನೇ ಶನಿವಾರ, ಆಫೀಸಿಗೆ ರಜೆ. ಹತ್ತು ಗಂಟೆಗೆ ಮುಂದಿನ ಬಾಗಿಲು ತೆಗೆದು ಕೂತೆ. ಕಾರ್ಡು ಕೂತಿತು, ಸ್ಕ್ರೂ ಕೂತಿತು. ತಂತಿ ಕೂರಲಿಲ್ಲ. ಸಾಸಿವೆ ಕಾಳಿನಷ್ಟು ಹಿತ್ತಾಳೆ ಮೂತಿ, ನನ್ನ ಬೆರಳಿನ ಕೆಳಗೆ ಸಿಕ್ಕ ತಕ್ಷಣ ಕಾಣದಾಗುತ್ತದೆ. ಜಾರುತ್ತದೆ. ಒತ್ತಿದರೆ ಮುರಿಯುತ್ತದೆ ಅಂತ ಭಯ. ಹನ್ನೆರಡರ ತನಕ ಹಾಗೇ. ಬೆವರು ಕಾರ್ಡಿನ ಮೇಲೆ ಬೀಳದ ಹಾಗೆ ಟವೆಲ್ ಸುತ್ತಿಕೊಂಡಿದ್ದೆ.

ಮಂಗಳಾ ಊಟ ತಂದಳು. ಈ ಕೋಣೆಯೊಳಗೆ ಅವಳು ಬಂದಿದ್ದು ಇದೇ ಮೊದಲು. ಡಬ್ಬಿ ಇಟ್ಟು ನನ್ನ ಕುರ್ಚಿಯ ಮೇಲೆ ಕೂತು ಕಿಟಕಿಯಾಚೆ ನೋಡಿದಳು. "ಇಲ್ಲಿ ಕೂತ್ರೆ ಯಾರ ಮುಖಾನೂ ಪೂರ್ತಿ ಕಾಣಲ್ವಲ್ರೀ. ಬರೀ ಚೌಕ ಚೌಕ."

ನಾನು ತಂತಿ ತೋರಿಸಿದೆ. ಬಗ್ಗಿ ನೋಡಿದಳು. "ಟಿಚ್ ಬಟನ್ ಥರಾನೇ ಕಣ್ರಿ ಇದು. ಮೇಲಿಂದ ಒತ್ತೋದಲ್ಲ. ಮೊದ್ಲು ಬಾಯಿಗೆ ಬಾಯಿ ಕೂರಿಸ್ಬೇಕು." ಉಗುರಿನ ತುದಿಯಲ್ಲಿ ಸ್ವಲ್ಪ ಅತ್ತಿತ್ತ ಆಡಿಸಿದಳು, ಆಮೇಲೆ ಒತ್ತಿದಳು. ಟಿಕ್ ಅಂತು. ಬಿಳಿದೂ ಹಾಗೇ. ಟಿಕ್.

ಆನ್ ಮಾಡಿದೆವು. ಮೂಲೆಯಲ್ಲಿ ಗುರುತು ಬಂತು. ಅವಳು ನನ್ನ ಕಡೆ ನೋಡಿದಳು, ಸಂತೋಷ ಪಡುತ್ತೇನೆ ಅಂತ. ಸಂತೋಷ ಆಯಿತು. ಆದರೆ ಇಷ್ಟು ಸಣ್ಣ ಕೆಲಸ ಇದು. ಒಂಬತ್ತನೇ ತಾರೀಕು ಬಿಚ್ಚಿದ್ದರೆ ಹತ್ತಕ್ಕೆ ಸರಿಹೋಗುತ್ತಿತ್ತು. ಅದನ್ನು ಅವಳಿಗೆ ಹೇಳಿದೆ. "ಉಣ್ಣಿ ಮೊದ್ಲು" ಅಂದಳು.

ಸೆಪ್ಟೆಂಬರ್ 30, ಸೋಮವಾರ

ಬೆಳಗ್ಗೆ ಎಂಟಕ್ಕೇ ಬಾಗಿಲು ತೆಗೆದೆ. ಅಡವಯ್ಯನ ಮಗನ ಜಾತಿ ಪತ್ರ, ದಾಸಮ್ಮನವರ ತಾಯಿಯ ಪಿಂಚಣಿ, ಚಿಕ್ಕನರಸಯ್ಯನ ಮನೆ ಖಾತೆ, ದೊಡ್ಡರಂಗಯ್ಯನ ವಯಸ್ಸಿನ ತಿದ್ದುಪಡಿ. ದೊಡ್ಡರಂಗಯ್ಯನ ಹೆಬ್ಬೆಟ್ಟು ಸವೆದುಹೋಗಿದೆ, ಮಿಷಿನ್ ಹಿಡಿಯಲ್ಲ. ಜಾಲರಿ ಸಂದಿಯಲ್ಲಿ ಅವನ ಕೈ ಸರಿಯಾಗಿ ಬಾರದೆ, ಒಳಗೇ ಕರೆದು ಕೂರಿಸಿ ಎಂಟು ಸಲ ಒತ್ತಿಸಿದೆ. ಆಮೇಲೆ ಉಳಿದವರೂ ಒಳಗೇ ಬಂದರು. ಊಟಕ್ಕೆ ಏಳಲು ಮರೆತೆ.

ಇವತ್ತು ಆ ಹುಡುಗಿಯ ಕೊನೆ ದಿನ. ಐದು ಗಂಟೆಗೆ ಗಡಿಯಾರ ನೋಡಿದೆ.

ಅಕ್ಟೋಬರ್ 4, ಶುಕ್ರವಾರ

ನಿನ್ನೆ ಕಂಪನಿಯ ಎಂಜಿನಿಯರ್ ಬಂದ, ಹೊಸ ಕಾರ್ಡು ಹಿಡಿದುಕೊಂಡು. ಹರಿದ ಸೀಲಿನ ಫೋಟೋ ತೆಗೆದುಕೊಂಡು ಹೋದ. ಇವತ್ತು ನನಗೆ ನೋಟೀಸು.

ಸಾಹೇಬರು ಬಾಗಿಲು ಹಾಕಿಸಿ ಕೂರಿಸಿದರು. "ನೋಡಯ್ಯ, ನಿನ್ನ ಕಳಕೊಳ್ಳೋಕೆ ನಂಗಿಷ್ಟ ಇಲ್ಲ. ಕಂಪನಿ ಕಡೆಯೋನು ಅಂತ ಹೇಳ್ಕೊಂಡು ಯಾರೋ ಬಂದ, ಅವನೇ ಬಿಚ್ಚಿದ, ನಂಗೆ ಗೊತ್ತಾಗ್ಲಿಲ್ಲ ಅಂತ ಬರಿ. ನಾನೂ ಹೌದು ಅಂತೀನಿ. ಇಲ್ಲಿಗೇ ಮುಗೀತದೆ." ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದೇ ಕಷ್ಟ. ಸೋಮವಾರದ ತನಕ ಟೈಮು ಕೇಳಿದೆ.

ಮಂಗಳಾಗೆ ಹೇಳಿದೆ. ಅವಳು ಬಹಳ ಹೊತ್ತು ರವಿಕೆಯ ಅಂಚು ಮಡಿಸುತ್ತಿದ್ದಳು. "ಕೆಲಸ ಹೋದ್ರೆ ಕಷ್ಟ ಆಗ್ತದೆ. ಆಗಲ್ಲ ಅಂತ ನಾನು ಸುಳ್ಳು ಹೇಳಲ್ಲ" ಅಂದಳು.

ಅಕ್ಟೋಬರ್ 7, ಸೋಮವಾರ

ಬರೆದು ಕೊಟ್ಟೆ. ಎರಡೇ ಸಾಲು. ಸೀಲು ನಾನೇ ತೆಗೆದೆ. ಕಾರ್ಡು ನಾನೇ ಬದಲಾಯಿಸಿದೆ.

ಸಾಹೇಬರು ಓದಿ, ಮಡಿಸಿ, ಫೈಲಿನೊಳಗೆ ಇಟ್ಟರು.

ನವೆಂಬರ್ 6, ಬುಧವಾರ

ಇವತ್ತು ಮಧುಗಿರಿಯಲ್ಲಿ ವಿಚಾರಣೆ. ಮೇಜಿನ ಆಚೆ ಇಬ್ಬರು ಅಧಿಕಾರಿಗಳು, ಪಕ್ಕದಲ್ಲಿ ಟೈಪ್ ಮಾಡುವ ಒಬ್ಬ ಹೆಣ್ಣುಮಗಳು.

"ಸೀಲ್ ನೀವೇ ತೆಗೆದಿದ್ದಾ?"

"ಹೌದು ಸಾರ್."

"ಯಾರಾದ್ರೂ ಹೇಳಿದ್ರಾ ತೆಗಿ ಅಂತ?"

"ಯಾರೂ ಹೇಳಿಲ್ಲ."

"ಹೊರಗಿನ ಸಾಮಾನು ಹಾಕಬಾರದು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

ಹತ್ತು ನಿಮಿಷದಲ್ಲಿ ಮುಗಿಯಿತು. ಹಿರಿಯರು ಫೈಲು ಮುಚ್ಚುತ್ತಾ "ಇನ್ನೇನಾದ್ರೂ ಹೇಳೋದಿದ್ಯಾ?" ಅಂದರು. ಸುಮ್ಮನೆ ಕೇಳುವ ಮಾತು ಅದು.

"ಇದೆ ಸಾರ್. ಸೀಲ್ ತೆಗೆದದ್ದು ಒಂದು ದಿನ. ಅದಕ್ಕಿಂತ ಮುಂಚೆ, ರಜೆ ಬಿಟ್ಟು, ಹನ್ನೆರಡು ದಿನ ಸರ್ವರ್ ಇಲ್ಲ ಅಂತ ಜನಕ್ಕೆ ಸುಳ್ಳು ಹೇಳಿದೀನಿ. ಅದರಿಂದ ಒಂದು ಹುಡುಗಿಗೆ ಸೀಟು ಹೋಯ್ತು. ಅದನ್ನೂ ಬರ್ಕೊಳ್ಳಿ."

ಆ ಹೆಣ್ಣುಮಗಳ ಕೈ ನಿಂತಿತು. ಹಿರಿಯರ ಮುಖ ನೋಡಿದಳು. "ಅದು ನೋಟೀಸಿನಲ್ಲಿ ಇಲ್ವಲ್ರೀ" ಅಂದರು ಅವರು. "ಅದಕ್ಕೆ ದೂರೂ ಬಂದಿಲ್ಲ. ಬೇಡಮ್ಮ, ಅದನ್ನ ಹಾಕ್ಬೇಡಿ."

ಡಿಸೆಂಬರ್ ಕೊನೆಗೆ ನನ್ನ ಕಾಂಟ್ರಾಕ್ಟು ಮುಗಿಯುತ್ತದೆ. ಮುಂದುವರಿಸುವುದಿಲ್ಲ ಅಂತ ಅಲ್ಲಿಯೇ ಹೇಳಿದರು.

ಬಸ್ಸು ಕೆರೆ ಏರಿಯ ಮೇಲೆ ಬಂದಾಗ ಎದ್ದು ಇಳಿದುಬಿಟ್ಟೆ. ಓಬಳಮ್ಮನ ಕೇರಿಗೆ ನಾನು ಹುಟ್ಟಿದಾಗಿನಿಂದ ಎರಡು ಸಲ ಹೋಗಿರಬಹುದು, ಎರಡೂ ಸಲ ಮತದಾರರ ಪಟ್ಟಿ ಹಿಡಿದುಕೊಂಡು. ಮನೆ ಕೇಳಿಕೊಂಡು ಹೋದೆ. ಅಂಗಳದಲ್ಲಿ ಕಡ್ಲೆಕಾಯಿ ಗಿಡದ ರಾಶಿ. ಅಜ್ಜಿ ಕಾಲು ಚಾಚಿ ಕೂತು ಗಿಡದಿಂದ ಕಾಯಿ ಬಿಡಿಸುತ್ತಿತ್ತು. ನನ್ನನ್ನು ನೋಡಿ ಏಳಲು ಹೋಯಿತು. ಬೇಡ ಅಂದೆ.

ನಿಂತುಕೊಂಡೇ ಹೇಳಿದೆ. ಸಾಹೇಬರು ಹೇಳಿಕೊಟ್ಟದ್ದು ನಿಜ, ಆದರೆ ಮಧುಗಿರಿಯಲ್ಲೂ ಇಲ್ಲ ಅಂದದ್ದು ನನ್ನ ಬಾಯಿ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಕೆಲಸ ಉಳಿಯಲಿ ಅಂತ ನಾನೇ ಸೇರಿಸಿದ್ದು.

ಅಜ್ಜಿಯ ಕೈ ನಿಲ್ಲಲಿಲ್ಲ. ಒಂದು ಗಿಡ ಪೂರ್ತಿ ಬಿಡಿಸಿ ಪಕ್ಕಕ್ಕೆ ಹಾಕಿತು.

"ಮಿತ್ರಾ ಬರೋ ವರ್ಷ ಮತ್ತೆ ಹಾಕ್ತೀನಿ ಅಂತೈತೆ" ಅಂದಿತು. "ಅಲ್ಲೀಗಂಟ ಗಾರ್ಮೆಂಟ್ಸೇ. ಬೆಳಿಗ್ಗೆ ಆರಕ್ಕೆ ಹೋದ್ರೆ ರಾತ್ರಿ ಎಂಟಕ್ಕೆ ಬತ್ತದೆ. ನಿನ್ ಮ್ಯಾಗೆ ಬಲೇ ಕ್ವಾಪ ಅದಕ್ಕೆ."

"ಇರಬೇಕಾದ್ದೇ."

"ನಂಗೂ ಐತೆ ಕಣಪ್ಪಾ."

ನಾನು ತಲೆ ತಗ್ಗಿಸಿದೆ. ಹೊರಡಬೇಕು ಅಂತ ಇದ್ದಾಗ ಅಜ್ಜಿ ರಾಶಿಯಿಂದ ಒಂದು ಹಿಡಿ ಗಿಡ ಎಳೆದು ನನ್ನ ಮುಂದೆ ಹಾಕಿತು. "ಕೂತ್ಕ. ನಾಳೆ ಮೋಡ ಆಯ್ತದಂತೆ, ಇವತ್ತೇ ಆಗ್ಬೇಕು ಇದು."

ಕೂತೆ. ಗಿಡದ ಬುಡದ ಮಣ್ಣು ಇನ್ನೂ ಹಸಿ ಇತ್ತು. ಮೊದಮೊದಲು ಕಾಯಿಯ ಜೊತೆ ಬೇರೂ ಕಿತ್ತು ಬರುತ್ತಿತ್ತು. ಅಜ್ಜಿ ಒಂದು ಸಲ ಕಿತ್ತುಕೊಂಡು ತೋರಿಸಿತು, ಹೆಬ್ಬೆರಳು ಎಲ್ಲಿ ಇಡಬೇಕು ಅಂತ. ಏರಿಯ ಮೇಲೆ ಐದೂವರೆ ಬಸ್ಸು ಹೋಯಿತು. ಆರೂವರೆಯದೂ ಹೋಯಿತು. ಅಷ್ಟೊತ್ತಿಗೆ ಅರ್ಧ ರಾಶಿ ಇಳಿದಿತ್ತು.